ಕೋಟಿನ ಗೂಟಗಳು

ಎರಡಕ್ಕೆ ಒಂದು. ಅದೇ ಸೂತ್ರ.
ಮೂರು ಟ್ಯಾಂಕಿದ್ದರೆ ಎರಡು ಚೆಕ್ಕರಿಗೆ, ಒಂದು ಸ್ಲೋವಾಕರಿಗೆ.
ವಿಮಾನ, ಕಂಬಳಿ, ಬೂಟಿನ ಪಾಲಿಷು,
ಬ್ಯಾಂಡಿನವರ ತುತ್ತೂರಿ ಕೂಡ.
ತೊಂಬತ್ತೆರಡರ ಡಿಸೆಂಬರು. ಪ್ರಾಗಿನಲ್ಲಿ ಹಿಮ
ಬೀಳಲೋ ಬೇಡವೋ ಎನ್ನುತ್ತಿತ್ತು.
ನಾನು ರಕ್ಷಣಾ ಸಚಿವಾಲಯದ ಕಿರಿಯ ಗುಮಾಸ್ತ;
ಕೈಯಲ್ಲಿ ಪಟ್ಟಿ, ಕಿವಿಸಂದಿನಲ್ಲಿ ಪೆನ್ಸಿಲು,
ದೇಶವೊಂದನ್ನು ಮೂರರಿಂದ ಭಾಗಿಸುತ್ತ ಭಾಗಿಸುತ್ತ
ಕೊನೆಗೆ ನೆಲಮಹಡಿಯ ಕೋಟುಕೋಣೆಗೆ ಬಂದೆ.

ಅಲ್ಲಿ ಒತೀಲಿಯಾ.
ನಲವತ್ತೊಂದು ವರ್ಷದಿಂದ ಅದೇ ಸ್ಟೂಲು, ಅದೇ ಕಿಂಡಿ.
ಅವಳಿಗೆ ಮೊದಲು ಅವಳ ಅತ್ತೆ.
"ಗೂಟ ಎಷ್ಟು?" ಅಂದೆ.
"ಮುನ್ನೂರ ಹದಿನೈದು. ಬೇಕಾದರೆ ಎಣಿಸು.
ಮಂತ್ರಿಗಳೆಷ್ಟು ಅಂತ ಮಾತ್ರ ಕೇಳಬೇಡ."

ಕೇಳಲಿಲ್ಲ. ಆದರೂ ಹೇಳಿದಳು.
ಮುಖಗಳ ಗುರುತು ಅವಳಿಗಿಲ್ಲ.
ಕಾಲರು, ಅಸ್ತರಿ, ಜೇಬಿನ ಭಾರ, ಒಳಗಿನ ವಾಸನೆ:
ಅವಳ ಚರಿತ್ರೆ ಇಷ್ಟೇ.

ಮೂವತ್ತೆಂಟರ ಶರತ್ಕಾಲದಲ್ಲಿ
ಕೋಟುಗಳು ರಾತ್ರಿಯೂ ಮನೆಗೆ ಹೋಗಲಿಲ್ಲವಂತೆ.
ಗಡಿಯ ಕಾಂಕ್ರೀಟು ಕೋಟೆಗಳಲ್ಲಿ ಹುಡುಗರು
ಬಂದೂಕಿಗೆ ಎಣ್ಣೆ ಹಚ್ಚಿ ಕಾದೇ ಕಾದರು.
ಒಂದು ಗುಂಡೂ ಹಾರಿಸದೆ ಇಳಿದು ಬನ್ನಿ ಎಂದು
ಹುಕುಂ ಹೋದ ಬೆಳಿಗ್ಗೆ
ಒಬ್ಬ ಜನರಲ್ ತನ್ನದೇ ಕೋಟಿನ ತೋಳು ಸಿಗದೆ
ಗಾಳಿಯಲ್ಲಿ ಕೈ ಆಡಿಸುತ್ತ ನಿಂತ.
ಅತ್ತೆ ತೋಳು ಹಿಡಿದು ಕೊಟ್ಟಳು.
ಕೋಟೆ ಬಿಟ್ಟರು, ಕೋಟು ಬಿಡಲಿಲ್ಲ, ಅನ್ನುತ್ತಿದ್ದಳು
ಸಾಯುವವರೆಗೂ, ಸೂಪು ಕಲಕುತ್ತ.

ಆಮೇಲೆ ಸಚಿವಾಲಯ ಲಂಡನ್ನಿನ ಮಂಜಿಗೆ ಹೋಯಿತು.
ಗೂಟಗಳು ಇಲ್ಲೇ ಉಳಿದವು.
ಆರು ವರ್ಷ ಅವುಗಳ ಮೇಲೆ ಬೇರೆಯವರ ಕೋಟು.
ಗೂಟಕ್ಕೇನು, ತೂಗುಹಾಕಿದ್ದನ್ನು ಹೊರುತ್ತದೆ.

"ನಾನು ಸೇರಿದ ಮೊದಲ ಚಳಿಗಾಲ," ಒತೀಲಿಯಾ
ಎಂಬತ್ತನಾಲ್ಕನೇ ಗೂಟ ತೋರಿಸಿದಳು.
ಬೂದು ಕೋಟು. ಹುಳ ತಿಂದ ಮೊಣಕೈ.
"ಕರ್ನಲ್ ಒಬ್ಬ ಕೊಟ್ಟು ಮಹಡಿ ಹತ್ತಿದ.
ಹಿತ್ತಿಲ ಬಾಗಿಲಿಂದ ಅಂಗಿಯಲ್ಲೇ ಕರೆದೊಯ್ದರು.
ಹೆಂಡತಿ ಒಮ್ಮೆ ಬಂದಿದ್ದಳು.
ಕೋಟು ಕೇಳಲಿಲ್ಲ,
ಇದೆಯಾ ಅಂತ ನೋಡಿ ಹೋದಳು."

ಮಂತ್ರಿಗಳು ಬಂದರು. ಗೂಟ ಹೊಡೆದುಕೊಂಡು ಕೂತವನನ್ನೂ
ಒಂದು ಸೋಮವಾರ ಕಿತ್ತರು.
ಹೊಸಬನ ಕೋಟು ಹಳಬನ ಗೂಟಕ್ಕೇ.
ಯಾರೂ ಅವಳನ್ನು ಹೆಸರು ಕೇಳಲಿಲ್ಲ,
ಬಿಲ್ಲೆ ಕೇಳಿದರು.

"ಅರವತ್ತೆಂಟು?" ನಾನೇ ಕೇಳಿದೆ, ತಡೆಯಲಾರದೆ.
"ಆಗಸ್ಟಿನಲ್ಲಿ ಯಾರಿಗೆ ಬೇಕು ಕೋಟು?
ರಾತ್ರಿ ಟ್ಯಾಂಕು ಬಂದವು. ಮತ್ತೆ ಅದೇ ಹುಕುಂ: ಗುಂಡು ಹಾರಿಸಬೇಡಿ.
ಮೂರು ದಿನ ಖಾಲಿ ಗೂಟಗಳ ಕೆಳಗೆ ಕೂತು
ಸ್ವೆಟರು ಹೆಣೆದೆ. ಒಂದು ತೋಳು ಉದ್ದವಾಯಿತು."

ಪಟ್ಟಿ ತೆರೆದೆ. ಎರಡು ಕಾಲಂ.
"ಈ ಕರ್ನಲ್ ಯಾವ ಕಡೆಯವನು?"
"ಗೊತ್ತಿಲ್ಲ. ಬಿಲ್ಲೆ ತೆಗೆದುಕೊಂಡು ಥ್ಯಾಂಕ್ಸ್ ಅಂದ.
ಆ ಮಾತು ಎರಡು ಭಾಷೆಯಲ್ಲೂ ಹೆಚ್ಚೂಕಮ್ಮಿ ಒಂದೇ."
"ನೀವು?"
"ಹುಟ್ಟಿದ್ದು ಒರಾವಾ ನದಿಯ ದಂಡೆ. ಗಂಡ ಇಲ್ಲಿಯ ಮಣ್ಣಲ್ಲಿ.
ನಾನು ಯಾವ ಪಾಲಿಗೆ ಬರುತ್ತೇನೋ
ಭಾಗಾಕಾರ ಮುಗಿದ ಮೇಲೆ ಹೇಳಿ ಕಳಿಸು."

ಮುನ್ನೂರ ಹದಿನೈದು ಮೂರಕ್ಕೆ ಸಲೀಸಾಗಿ ಹೋಗುತ್ತದೆ:
ಇನ್ನೂರ ಹತ್ತು, ನೂರ ಐದು.
ನನ್ನ ಕೈ ಎಂಬತ್ತನಾಲ್ಕನ್ನು ಬಿಟ್ಟು ಎಣಿಸಿತು.
ಮುನ್ನೂರ ಹದಿನಾಲ್ಕು.
ಎಷ್ಟು ಸಲ ಭಾಗಿಸಿದರೂ ಎರಡು ಉಳಿಯಿತು.

ಮೇಲಧಿಕಾರಿ ನೋಡದೆಯೇ ಸಹಿ ಹಾಕಿದರು.
"ಚಳಿ ಜಾಸ್ತಿಯಾಯಿತು," ಅಂದು ಬಿಲ್ಲೆ ಕೊಟ್ಟು
ಅವರ ಕೋಟು ತರಲು ನನ್ನನ್ನೇ ಕೆಳಗೆ ಕಳಿಸಿದರು.